ಒಂದೇ ಹೆಸರಿನ ಎರಡು ಸಾಲು

ನಿಮ್ಮವ್ವನನ್ನು ನಾನು ಹೆಸರು ಹಿಡಿದು ಕರೆದದ್ದನ್ನು ನೀವಿಬ್ಬರೂ ಕೇಳಿಲ್ಲ. ಅವಳೂ ಕೇಳದೆಯೇ ಹೋದಳು. ಅವಳಿಗೆ ಮೂವತ್ತೆಂಟು ತುಂಬಿದ ಮೇಲೂ ನನ್ನ ಬಾಯಲ್ಲಿ ಅವಳು ‘ಕೂಸು’. ನಂಜನಗೂಡಿನ ನಿಮ್ಮ ಮನೆಗೆ ಬಂದಾಗ ಬಾಗಿಲ ಹತ್ತಿರ ನಿಂತು ಮೆಲ್ಲಗೆ ‘ಕೂಸೇ’ ಎನ್ನುತ್ತಿದ್ದೆ. ಇಷ್ಟು ದೊಡ್ಡ ಹೆಂಗಸನ್ನು ಕೂಸು ಅಂತಾರಲ್ಲ ಎಂದು ಪಕ್ಕದ ಮನೆಯ ಮಕ್ಕಳು ನಗುತ್ತಿದ್ದರು. ಅದರ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದು ನಿಮಗೆ ಅರ್ಥವಾಗುವುದಿಲ್ಲ.

ಅವಳಿಗೆ ಇಟ್ಟದ್ದು ನನ್ನ ಅತ್ತೆಯ ಹೆಸರು. ಅತ್ತೆ ತೀರಿಕೊಂಡು ವರ್ಷ ತುಂಬುವುದರೊಳಗೆ ಅವಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ನನ್ನ ಮಾವ ಕೂಸಿನ ಕಿವಿಯ ಹತ್ತಿರ ಬಗ್ಗಿ, ಆ ಹೆಸರನ್ನು ಮೂರು ಸಲ ಹೇಳಿ, “ತಿರ್ಗ ಬಂದ್ಯಾ” ಎಂದು ಎಲ್ಲರೆದುರಿಗೆ ಅತ್ತುಬಿಟ್ಟರು. ನಮ್ಮ ಕಡೆ ಸೊಸೆಯಾದವಳು ಗಂಡನ ಹೆಸರನ್ನೂ ಅತ್ತೆ ಮಾವಂದಿರ ಹೆಸರನ್ನೂ ಬಾಯಲ್ಲಿ ಆಡುವಂತಿಲ್ಲ. ಅವರು ಸತ್ತ ಮೇಲೂ ಆಡುವಂತಿಲ್ಲ. ಹೀಗಾಗಿ ನಾನೇ ಹೆತ್ತ ಮಗಳನ್ನು ಊರವರೆಲ್ಲ ಹೆಸರಿನಿಂದ ಕರೆದರು, ನಾನು ಕರೆಯಲಿಲ್ಲ. ಆಗ ಅದು ಕಷ್ಟವೆನಿಸಲಿಲ್ಲ. ನಾಚಿಕೆಯ ಹೆಂಗಸಿಗೆ, ಮಾತನಾಡಬಾರದು ಎಂಬ ಕಟ್ಟಳೆಯಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ.

ನಾನು ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತವಳು. ಓದುವುದು ಇಷ್ಟ. ಓದಿದ್ದನ್ನು ಎದ್ದು ನಿಂತು ಹೇಳು ಎಂದರೆ ಮಾತ್ರ ಬಿದ್ದ ಬಳಪ ಹುಡುಕುವವಳ ಹಾಗೆ ಬಗ್ಗಿಬಿಡುತ್ತಿದ್ದೆ. ನಿಮ್ಮ ತಾತ ಹೋದ ಮೇಲೆ ಹಗಲೆಲ್ಲ ಮನೆಯಲ್ಲಿ ಸುಮ್ಮನೆ ಕೂತಿರುತ್ತಾರೆ ಎಂದು ಸೊಸೆ ನನ್ನನ್ನು ತಿ. ನರಸೀಪುರದ ತನ್ನ ಅಂಗಡಿಗೆ ಕರೆದುಕೊಂಡು ಹೋಗತೊಡಗಿದಳು. ಬಸ್ ಸ್ಟ್ಯಾಂಡಿನಿಂದ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಆ ಅಂಗಡಿ. ಒಂದು ಜೆರಾಕ್ಸ್ ಯಂತ್ರ, ಎರಡು ಕಂಪ್ಯೂಟರ್, ಗೋಡೆಗೆ ಒರಗಿಸಿದ ಬೆಂಚು. ಜಾತಿ ಆದಾಯ ಸರ್ಟಿಫಿಕೇಟು, ರೇಷನ್ ಕಾರ್ಡು, ಪಹಣಿ, ಎಲ್ಲಕ್ಕೂ ಅಲ್ಲಿ ಅರ್ಜಿ ತುಂಬುತ್ತಿದ್ದರು. ಸೊಸೆ ಚುರುಕು. ನನ್ನ ಮಗ ಶಾಲೆಯ ವ್ಯಾನು ಓಡಿಸುತ್ತಾನೆ. ಮನೆ ನಡೆಯುತ್ತಿದ್ದುದು ಅವಳ ಅಂಗಡಿಯಿಂದಲೇ.

ಒಂದು ಬೇಸಿಗೆಯಲ್ಲಿ ಅವಳು ಕಂಪ್ಯೂಟರಿಗೆ ಒಂದು ಹೊಸದನ್ನು ಹಾಕಿಸಿದಳು. ಅದಕ್ಕೆ ಅವಳು ‘ಏಜೆಂಟು’ ಎನ್ನುತ್ತಿದ್ದಳು. ಕೈಯಲ್ಲಿರುವ ಕಾಗದಗಳನ್ನು ಸ್ಕ್ಯಾನ್ ಮಾಡಿ ಕೊಟ್ಟು, ಇಂಥ ಅರ್ಜಿ ಹಾಕು ಎಂದು ಕನ್ನಡದಲ್ಲೇ ಬರೆದರೆ ಸಾಕು. ಅದು ತಾನೇ ಬ್ರೌಸರ್ ತೆರೆದು, ತಾನೇ ಆ ಜಾಲತಾಣಕ್ಕೆ ಹೋಗಿ, ಒಂದೊಂದೇ ಖಾನೆ ತುಂಬುತ್ತಿತ್ತು. ಮೌಸನ್ನು ಯಾರೂ ಮುಟ್ಟದೆ ಬಾಣದ ಗುರುತು ತಾನೇ ಓಡಾಡುವುದನ್ನು ನೋಡಲು ಮೊದಮೊದಲು ಜನ ಬೆಂಚಿನಿಂದ ಎದ್ದು ಬರುತ್ತಿದ್ದರು. ಸುತ್ತೂರು ಕಡೆಯ ಒಬ್ಬ ಮುದುಕ ಅಂದದ್ದು ನೆನಪಿದೆ:

“ತಾಲ್ಲೂಕ್ ಆಪೀಸ್ ಮುಂದೆ ನಿಂತಿರೋ ಏಜೆಂಟ್ರು ಸಾಲ್ದು ಅಂತ ಪೆಟ್ಗೆ ಒಳಕ್ಕೂ ಒಬ್ಬನ್ನ ಕೂರುಸ್ಕಂಡಿದ್ದೀಯಲ್ಲವ್ವ. ಇವನ್ಗೆ ಟೀ ಕೊಡುಸ್ಬೇಕೊ, ಬೀಡಿ ಕೊಡುಸ್ಬೇಕೊ?”

“ಇವ್ನು ಕರೆಂಟ್ ಒಂದೇ ಕುಡಿಯದು ಕಣಜ್ಜ. ನೀನು ಆಧಾರ್ ಕಾರ್ಡ್ ಈಚೆ ತಗಿ ಮೊದ್ಲು,” ಎಂದಳು ಸೊಸೆ.

ಅದನ್ನು ಕಾಯುವ ಕೆಲಸ ನನ್ನದಾಯಿತು. ಪರದೆಯ ಬಲಗಡೆ ಒಂದು ಪಟ್ಟಿಯಲ್ಲಿ ಅದು ತಾನು ಮಾಡಿದ್ದನ್ನೆಲ್ಲ ಬರೆಯುತ್ತಾ ಹೋಗುತ್ತಿತ್ತು. ಸೊಟ್ಟಪಟ್ಟ ಅಕ್ಷರ ತೋರಿಸಿ ‘ನೀವು ಮನುಷ್ಯರೇ’ ಎಂದು ಪುಟ ಕೇಳಿದಾಗ ಅದು ನಿಂತುಬಿಡುತ್ತಿತ್ತು. ಆ ಅಕ್ಷರಗಳನ್ನು ನಾನು ಒಂದು ಬೆರಳಿನಲ್ಲಿ ಒತ್ತಬೇಕು. ಫೋನಿಗೆ ಬರುವ ನಂಬರು ಬೇಕೆಂದರೆ ಸೊಸೆಯನ್ನು ಕೂಗಬೇಕು. ಉಳಿದ ಸಣ್ಣಪುಟ್ಟದ್ದಕ್ಕೆ ಕೆಳಗೆ ಎರಡು ಗುಂಡಿ: ಹಸಿರಿನದು ‘ಮುಂದುವರಿಸು’, ಕೆಂಪಿನದು ‘ನಿಲ್ಲಿಸು’. ಸಣ್ಣದಾದರೆ ಹಸಿರು ಒತ್ತಿ ಅತ್ತೆ, ಎಂದು ಸೊಸೆ ಹೇಳಿಕೊಟ್ಟಿದ್ದಳು. ಸಣ್ಣದು ಯಾವುದು ಎಂಬುದನ್ನು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಆ ಕೆಲಸ ನನಗೆ ಹಿಡಿಸಿತ್ತು. ಯಾರ ಮುಖ ನೋಡಿಯೂ ಮಾತನಾಡಬೇಕಿರಲಿಲ್ಲ. ಪುಟ ಕೆಟ್ಟು ನಿಂತಾಗ ಅದು ಕಾರಣ ಹುಡುಕುವ ರೀತಿ ಇನ್ನೂ ಹಿಡಿಸಿತ್ತು. ಒಬ್ಬ ಹೆಂಗಸಿನ ಅರ್ಜಿ ಮೂರು ಸಲ ವಾಪಸು ಬಂದಿತ್ತು. ಅದು ಪುಟದ ಒಳಹೊರಗೆಲ್ಲ ಜಾಲಾಡಿ, ಹಳೆಯ ಕನ್ನಡ ಅಕ್ಷರಶೈಲಿಯಲ್ಲಿ ಟೈಪಾಗಿದ್ದ ಅವಳ ಹೆಸರು ಆ ಕಡೆ ಕಾಗೆ ಕಾಲಿನಂತೆ ಹೋಗುತ್ತಿದೆ ಎಂದು ಕಂಡುಹಿಡಿದು ಸರಿಮಾಡಿತು. ಇನ್ನೊಂದು ಸಲ, ಒತ್ತಿದರೂ ಒತ್ತಿದರೂ ಅರ್ಜಿ ಹೋಗದಿದ್ದಾಗ, ಪುಟದ ಹಿಂದೆ ಸಣ್ಣದೊಂದು ಕಿಟಕಿ ತೆರೆದುಕೊಂಡು ಉತ್ತರಕ್ಕೆ ಕಾಯುತ್ತಿದೆ ಎಂದು ಬರೆಯಿತು. ‘ಇದನ್ನು ಪ್ರಯತ್ನಿಸಿದೆ. ಆಗಲಿಲ್ಲ. ಬೇರೆ ದಾರಿ ನೋಡುತ್ತೇನೆ.’ ಅದರ ಬರಹ ಹೀಗೆಯೇ ಇರುತ್ತಿತ್ತು. ಮಾಡಿದ್ದನ್ನು ಮಾಡಿದೆ ಎಂದು, ಆಗದ್ದನ್ನು ಆಗಲಿಲ್ಲ ಎಂದು ಹೇಳುವವರ ಜೊತೆ ನಾನು ಅದುವರೆಗೆ ಬಾಳಿರಲಿಲ್ಲ.

ಇನ್ನು ಜಮೀನಿನ ವಿಷಯ. ನಾಲೆಯ ಕೆಳಗೆ ನಮಗೆ ಒಂದೂವರೆ ಎಕರೆ ಗದ್ದೆ ಇದೆ. ಬದುವಿನ ನಡುವೆ ಒಂದು ಮಾವಿನ ಮರ. ನಿಮ್ಮ ತಾತ ಕಾಯಿಲೆ ಬೀಳುವ ಮುಂಚೆ ಆ ಮರದ ಕೆಳಗೆ ನಿಂತು, “ಇಲ್ಲಿಂದಾಚ್ಗೆ ಕೂಸ್ಗೆ, ಈಚ್ಗೆ ಇವನ್ಗೆ,” ಎಂದಿದ್ದರು. ನನ್ನ ಮಗ ಅಲ್ಲೇ ಇದ್ದ, ತಲೆ ಆಡಿಸಿದ. ಆದರೆ ಖಾತೆ ಇನ್ನೂ ನನ್ನ ಮಾವನ ಹೆಸರಿನಲ್ಲೇ ಇತ್ತು. ಅದನ್ನು ಬದಲಾಯಿಸುವ ಮೊದಲು ನಿಮ್ಮ ತಾತ ಹೋದರು. ಅದಾಗಿ ಎರಡನೆಯ ವರ್ಷ ಜಾಂಡೀಸಿನಲ್ಲಿ ನಿಮ್ಮವ್ವ ಹೋದಳು. ಖಾತೆ ಬದಲಾಗಬೇಕಾದರೆ ವಂಶವೃಕ್ಷ ಬೇಕು: ಮನೆಯಲ್ಲಿ ಯಾರು ಯಾರಿಗೆ ಹುಟ್ಟಿದರು, ಯಾರು ಇದ್ದಾರೆ, ಯಾರು ಇಲ್ಲ ಎಂದು ಸರ್ಕಾರ ಒಪ್ಪಿ ಕೊಡುವ ಕಾಗದ. ಅದರಲ್ಲಿ ಹೆಸರಿದ್ದವರು ವಾರಸುದಾರರು. ಹೆಸರಿಲ್ಲದವರು ಯಾರೂ ಅಲ್ಲ.

ಆ ಅರ್ಜಿಯನ್ನೂ ನಮ್ಮ ಅಂಗಡಿಯಲ್ಲೇ ಹಾಕಿದೆವು. ವಕೀಲರು ಬರೆಸಿಕೊಟ್ಟ ಪ್ರಮಾಣಪತ್ರದಲ್ಲಿ ಎಂಟು ಹೆಸರು ಸರಿಯಾಗಿಯೇ ಇದ್ದವು. ಮಾವ, ಅತ್ತೆ, ನಿಮ್ಮ ತಾತ, ನಾನು, ನನ್ನ ಮಗ, ನಿಮ್ಮವ್ವ, ಅವಳ ಕೆಳಗೆ ನೀವಿಬ್ಬರು. ಸೊಸೆ ಅದನ್ನು ಸ್ಕ್ಯಾನ್ ಮಾಡಿ ಏಜೆಂಟಿಗೆ ಕೊಟ್ಟಳು. ಸಾಕ್ಷಿಗೆಂದು ನಿಮ್ಮ ತಾತನ ದೊಡ್ಡಪ್ಪನ ಮಗ ಬಂದಿದ್ದರು. ನನಗೆ ಭಾವನ ವರಸೆ. ಅವರು ಒಳಗೆ ಬಂದದ್ದೇ ನಾನು ಕುರ್ಚಿಯಿಂದ ಎದ್ದೆ. ಭಾವನ ಮುಂದೆ ನಾನು ಕೂತದ್ದೇ ಇಲ್ಲ. ಅವರು ಬೆಂಚಿನ ಮೇಲೆ, ನಾನು ಪರದೆಯ ಪಕ್ಕದಲ್ಲಿ ನಿಂತುಕೊಂಡು. ಅರ್ಜಿಗೆ ಬಂದ ಐದಾರು ಜನ ಬೇರೆ ಇದ್ದರು. ಮಗ ಹೊರಗೆ ವ್ಯಾನಿಗೆ ಒರಗಿ ಫೋನಿನಲ್ಲಿ ಮಾತನಾಡುತ್ತಿದ್ದ.

ಏಜೆಂಟು ಎಂಟೂ ಸಾಲು ತುಂಬಿತು. ಆರನೆಯದರ, ನಿಮ್ಮವ್ವನ ಸಾಲಿನ ಪಕ್ಕದಲ್ಲಿ ಕೆಂಪು ಅಕ್ಷರ ಬಂತು: ಈ ಹೆಸರು ಈಗಾಗಲೇ ನಮೂದಾಗಿದೆ. ಅದು ಹಿಂದಕ್ಕೆ ಹೋಗಿ ತುಂಬಿತು. ಮತ್ತೆ ಕೆಂಪು. ಪುಟವನ್ನು ಮುಚ್ಚಿ ಹೊಸದಾಗಿ ತೆರೆಯಿತು. ಮತ್ತೆ ಕೆಂಪು. ಆಮೇಲೆ ಬಲಗಡೆಯ ಪಟ್ಟಿಯಲ್ಲಿ ಬರೆಯಿತು:

‘ಒಂದೇ ಹೆಸರು ಎರಡು ಸಾಲುಗಳಲ್ಲಿದೆ. ಎರಡೂ ಕಡೆ ಮೃತ ಎಂದಿದೆ. ಈ ಹೆಸರಿನ ಮರಣ ಪ್ರಮಾಣಪತ್ರ ಒಂದೇ ಇದೆ. ಎರಡನೆಯ ಸಾಲು ತಪ್ಪಿನಿಂದ ಮತ್ತೊಮ್ಮೆ ಬಂದಿರಬಹುದು. ಅದನ್ನೂ ಅದರ ಕೆಳಗಿನ ಎರಡು ಸಾಲುಗಳನ್ನೂ ತೆಗೆದು ಮುಂದುವರಿಯಲೇ?’

ನಾನು ಅದನ್ನು ಓದಿದೆ. ನನಗೆ ಅರ್ಥವಾಗಲಿಲ್ಲ ಎಂದು ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಓದಿದ ಕ್ಷಣದಲ್ಲೇ ಅರ್ಥವಾಯಿತು. ಅತ್ತೆ ಒಬ್ಬರು, ಕೂಸು ಒಬ್ಬಳು. ಆ ಅರ್ಜಿಗೆ ಕೈ ಹಾಕಿದವರಲ್ಲಿ ಇದು ಗೊತ್ತಿಲ್ಲದೆ ಇದ್ದದ್ದು ಆ ಪೆಟ್ಟಿಗೆಗೆ ಮಾತ್ರ, ಗೊತ್ತಿದ್ದು ಅದರ ಮುಂದೆ ನಿಂತಿದ್ದವಳು ನಾನು.

ಜೆರಾಕ್ಸಿನ ಹತ್ತಿರದಿಂದ ಸೊಸೆ ಕೂಗಿದಳು. “ಯಾಕತ್ತೆ ನಿಂತೋಯ್ತು? ಏನ್ ಕೇಳ್ತಾ ಅದೆ?”

“ಒಂದೇ ಎಸ್ರು ಎಲ್ಡು ಕಿತ ಬಂದದಂತೆ,” ಎಂದೆ.

“ಯಾವ್ ಎಸ್ರು?”

ನಾನು ಪರದೆಯ ಕಡೆಗೇ ಬಾಗಿದೆ.

“ಯಾವ್ದತ್ತೆ? ಜೋರಾಗೇಳಿ, ಈ ಮಿಷೀನ್ ಸದ್ದಲ್ಲಿ ಕೇಳ್ತಿಲ್ಲ.”

ಭಾವ ಬೆಂಚಿನ ಮೇಲಿಂದ ನಕ್ಕರು. “ಗಂಡನ್ ಎಸ್ರೇ ಇರ್ಬೇಕು ಕಣವ್ವ, ಅದ್ಕೇ ಬಾಯಿಗೆ ಬೀಗ ಬಿದ್ದದೆ. ಏಳವ್ವ, ಏಳು. ಅವನೇನ್ ಈಗ ಎದ್ದು ಬಂದು ಬಯ್ದಾನಾ?”

ಬೆಂಚಿನವರೆಲ್ಲ ನಕ್ಕರು. ಮೂಗೂರಿನಿಂದ ಬಂದಿದ್ದ ಒಬ್ಬಳು, “ನಮ್ಮತ್ತೇನೂ ಇಂಗೇಯ, ಆಸ್ಪತ್ರೇಲಿ ಗಂಡನ್ ಎಸ್ರು ಕೇಳುದ್ರೆ ಕ್ಯಾಲೆಂಡರ್ ತೋರುಸ್ತಳೆ, ಅದ್ರಲ್ಲಿರೋ ದ್ಯಾವ್ರು ಅಂತ,” ಎಂದಳು. ಮತ್ತೆ ನಗು. ನನ್ನ ಮುಖ ಸುಡುತ್ತಿತ್ತು. ಬೆರಳು ಎತ್ತಿ ಪರದೆಯನ್ನು ತೋರಿಸಿದೆ. ಸೊಸೆಯ ಎರಡು ಕೈಯಲ್ಲೂ ಕಾಗದ, ಅವಳು ಈ ಕಡೆ ತಿರುಗಲೂ ಇಲ್ಲ.

“ಎಲ್ಡಾಗಿದ್ರೆ ಒಂದ ತಗಿಯದು ತಾನೆ. ಮುಂದುವರ್ಸು ಒತ್ತಿ ಅತ್ತೆ. ಸರ್ವರ್ ಓದ್ರೆ ನಾಳೆ ಗಂಟ ಬರಕಿಲ್ಲ.”

ಒತ್ತಿದೆ. ಅಷ್ಟು ಜನರ ನಗುವಿನಿಂದ ತಪ್ಪಿಸಿಕೊಳ್ಳುವುದಕ್ಕೆ ಒತ್ತಿದೆ. ಬಾಣದ ಗುರುತು ಆರನೆಯ ಸಾಲಿನ ಮೇಲೆ ಹೋಗಿ ನಿಂತಿತು, ಸಾಲು ಮಾಯವಾಯಿತು. ಅದರ ಹಿಂದೆಯೇ ನೀವಿಬ್ಬರು. ಮೇಲಿನ ಸಾಲೇ ಹೋದ ಮೇಲೆ ಕೆಳಗೆ ಉಳಿಯುವುದಕ್ಕೆ ನಿಮಗೆ ಏನೂ ಇರಲಿಲ್ಲ. ಆಮೇಲೆ ಅದು ನಂಜನಗೂಡಿನಿಂದ ನಿಮ್ಮಪ್ಪ ತಂದುಕೊಟ್ಟಿದ್ದ ನಿಮ್ಮವ್ವನ ಮರಣ ಪ್ರಮಾಣಪತ್ರವನ್ನು ತೆಗೆದುಕೊಂಡು ಅತ್ತೆಯ ಸಾಲಿಗೆ ಅಂಟಿಸಿತು. ಹೆಸರು ಸರಿಹೊಂದಿತಲ್ಲ. ಕೆಂಪು ಹೋಗಿ ಪುಟ ಹಸಿರಾಯಿತು. ‘ಅಡಚಣೆ ನಿವಾರಣೆಯಾಗಿದೆ,’ ಎಂದು ಬರೆಯಿತು. ನನ್ನ ಕೂಸಿನ ಸಾವನ್ನೂ ಅವಳಿಗೆ ಬಿಡಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇದು ಬರೀ ಅರ್ಜಿ. ವಿಲೇಜ್ ಅಕೌಂಟೆಂಟ್ ಊರಿಗೆ ಬಂದು ಜನರ ಮುಂದೆ ಓದಿ ವಿಚಾರಿಸದೆ ಕಾಗದ ಕೊಡುವುದಿಲ್ಲ. ಆಗ ಎಲ್ಲ ಸರಿಯಾಗುತ್ತದೆ. ಅಷ್ಟರೊಳಗೆ ಸೊಸೆಗೆ ಒಬ್ಬಳೇ ಇದ್ದಾಗ ಹೇಳಿದರಾಯಿತು. ಹೇಳುವ ದಿನಗಳು ಒಂದಲ್ಲ, ಎಂಟು ಹತ್ತು ಬಂದವು. ಪ್ರತಿ ದಿನವೂ ಅವಳಿಗೆ ಕೆಲಸ, ನನಗೆ ನಾಳೆ.

ವಿಲೇಜ್ ಅಕೌಂಟೆಂಟ್ ಬಂದ ದಿನ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದ್ದರು. ಭಾವ, ಊರಿನ ಇಬ್ಬರು ಹಿರಿಯರು, ನನ್ನ ಮಗ. ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಆ ಅಧಿಕಾರಿ ಹೆಸರುಗಳನ್ನು ಓದಿದರು. ಐದೇ ಹೆಸರು, ಬೇಗ ಮುಗಿಯಿತು.

“ಇಷ್ಟೇ ಜನಾನಾ? ಹೆಣ್ಮಕ್ಕಳು ಯಾರೂ ಇಲ್ವಾ?”

ನನ್ನ ಮಗ ಒಂದು ಗಳಿಗೆ ಆ ಕಾಗದವನ್ನೇ ನೋಡಿದ. ಆ ಒಂದು ಗಳಿಗೆ ನನಗೆ ಇನ್ನೂ ಮರೆತಿಲ್ಲ. ಅವನಿಗೆ ಅರ್ಜಿಯಲ್ಲಿ ಏನಾಗಿದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ, ಆಗ ಗೊತ್ತಾಯಿತು. ಆಮೇಲೆ ಹೇಳಿದ:

“ಇಲ್ಲ ಸಾ. ಅಷ್ಟೇಯ.”

ಭಾವ ಮರದ ಮೇಲೆ ಏನೋ ಇದೆ ಎಂಬಂತೆ ತಲೆ ಎತ್ತಿದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಬ್ಬರೂ ನಿಮ್ಮವ್ವನ ಮದುವೆಯ ಚಪ್ಪರಕ್ಕೆ ಗಳ ಹೊತ್ತವರು. ಮೂವರೂ ಸಹಿ ಹಾಕಿದರು. ನಾನು ಕಾಫಿ ಕೊಡಲು ಹೋದಾಗ ಆ ಅಧಿಕಾರಿ ಲೋಟ ತೆಗೆದುಕೊಳ್ಳುತ್ತಾ, “ಅಷ್ಟೇ ಏನಮ್ಮ?” ಎಂದು ನನ್ನನ್ನೂ ಕೇಳಿದರು. ಒಳ್ಳೆಯ ಮನುಷ್ಯ, ಕೇಳಿದರು. ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ. ಅಡುಗೆಮನೆಯಲ್ಲಿ ತಟ್ಟೆಯನ್ನು ಸದ್ದಾಗದಂತೆ ಇಟ್ಟೆ. ಹೊರಗೆ ಒಂದು ಲೋಟ ಬೀಳಿಸಿದ್ದರೂ ಸಾಕಿತ್ತು, ಏನೋ ಇದೆ ಎಂದು ಯಾರಾದರೂ ತಿರುಗಿ ನೋಡುತ್ತಿದ್ದರು.

ಅವರೆಲ್ಲ ಹೋದ ಮೇಲೆ ಮಗನನ್ನು ಕೇಳಿದೆ. “ಕೂಸಿನ್ ಎಸ್ರು ಬುಟ್ಟೋಗದೆ ಕಣ್ಲಾ.”

“ಅದು ಮಿಷೀನ್ ಮಾಡಿರದು ಕಣವ್ವ, ನಾನ್ ಮಾಡಿದ್ನಾ?”

“ಇಲ್ಲ ಸಾ ಅಂದೋನು ನೀನಲ್ವಾ?”

“ಈಗ ಕೆದಕುದ್ರೆ ಅರ್ಜಿನೇ ವಜಾ ಆಯ್ತದೆ. ತಿರ್ಗ ಮೊದ್ಲಿಂದ ಓಡಾಡ್ಬೇಕು. ಖಾತೆ ಒಂದು ಆಗೋಗ್ಲಿ, ಆಮೇಕೆ ನೋಡನ. ಆ ಮಕ್ಕಳ್ಗೆ ನಾನೇನ್ ಕಮ್ಮಿ ಮಾಡಿದ್ದೀನಾ? ಅಬ್ಬಕ್ಕೆ ಬಟ್ಟೆ ತರಲ್ವಾ?”

ಮಗ ಕೆಟ್ಟವನು ಎಂದು ನಾನು ಬರೆಯುತ್ತಿಲ್ಲ. ನಿಮ್ಮವ್ವನನ್ನು ಆಸ್ಪತ್ರೆಗೆ ತನ್ನ ವ್ಯಾನಿನಲ್ಲೇ ಕರೆದುಕೊಂಡು ಹೋದವನು, ಅವಳು ಹೋದಾಗ ನೆಲಕ್ಕೆ ಬಿದ್ದು ಅತ್ತವನು ಅವನೇ. ಯಾರೋ ಬೀಗ ಮುರಿದು ಬಾಗಿಲು ತೆರೆದಿಟ್ಟರೆ ಒಳಗೆ ಹೋಗುವವನು ತಾನು ಕಳ್ಳನಲ್ಲ ಎಂದುಕೊಳ್ಳುತ್ತಾನೆ. ಅವನಿಗೆ ಹಾಗೆಯೇ ಆಯಿತು. ಬಾಗಿಲು ತೆರೆದವಳು ನಾನು. ಮನೆಯಲ್ಲಿರುವ ಅವನ ಮಗಳೂ ದೊಡ್ಡವಳಾದ ಮೇಲೆ ಇದನ್ನು ಓದಲಿ.

ಖಾತೆ ಆಯಿತು. ‘ಆಮೇಲೆ’ ಮಾತ್ರ ಬರಲಿಲ್ಲ. ಒಂದು ಬೆಳೆ ಕೊಯ್ದರು, ಇನ್ನೊಂದು ನಾಟಿ ಹಾಕಿದರು. ಮಾವಿನ ಮರದ ಆಚೆಗೂ ಈಚೆಗೂ ಒಂದೇ ಟ್ರ್ಯಾಕ್ಟರು ಓಡಿತು. ನಾನು ಅಂಗಡಿಗೆ ಹೋಗಿ ಅದೇ ಪರದೆಯ ಮುಂದೆ ಕೂರುತ್ತಿದ್ದೆ. ಯಾರದೋ ಅರ್ಜಿ ನಿಂತರೆ, ಅದು ಏನಾದರೂ ಕೇಳಿದರೆ, ಎಷ್ಟು ಸಣ್ಣದಾದರೂ ಸೊಸೆಯನ್ನು ಕೂಗುತ್ತಿದ್ದೆ. “ಇದ್ಕೂ ನನ್ನೇ ಕರೀತೀರಲ್ಲ ಅತ್ತೆ, ಮೊದ್ಲು ಎಷ್ಟು ಚೆಂದಾಗಿ ಒತ್ತುತ್ತಿದ್ರಿ,” ಎಂದು ಅವಳು ಬೇಸರ ಮಾಡಿಕೊಳ್ಳುತ್ತಿದ್ದಳು.

ಆಮೇಲೆ, ನಿಮ್ಮಿಬ್ಬರಲ್ಲಿ ದೊಡ್ಡವಳಾದ ನೀನು ಫೋನು ಮಾಡಿದೆ ಮಗಳೇ. ಕಾಲೇಜಿಗೆ ಸೇರಿದ ವರ್ಷ. ನಿಮ್ಮಪ್ಪ ಸುಮ್ಮನೆ ಫೋನಿನಲ್ಲಿ ಜಮೀನಿನ ಪಹಣಿ ತೆಗೆದು ನೋಡಿದ್ದ.

“ಅಜ್ಜಿ, ಪಹಣೀಲಿ ಮಾಮನ್ ಹೆಸ್ರದೆ, ನಿನ್ ಹೆಸ್ರದೆ. ನಮ್ಮವ್ವ ಎಲ್ಲಿ?”

“ಮಿಷೀನ್ ತಪ್ಪು ಕಣೆ ಕೂಸೆ,” ಎಂದೆ. ನಿಮ್ಮವ್ವನನ್ನು ಕರೆಯುತ್ತಿದ್ದ ಪದ ನಿನಗೆ ಯಾಕೆ ಬಂತೋ ಗೊತ್ತಿಲ್ಲ.

ನೀನು ಅಂದೆ: “ಮಿಷೀನ್‌ಗೆ ನಮ್ಮವ್ವ ಗೊತ್ತಿಲ್ಲ ಅಜ್ಜಿ. ನಿಂಗೆ ಗೊತ್ತಿತ್ತಲ್ವಾ?”

ಮರುದಿನ ಮಧ್ಯಾಹ್ನ ಸೊಸೆ ಊಟಕ್ಕೆ ಹೋಗಿದ್ದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆ ಪೆಟ್ಟಿಗೆಗೆ ನಾನಾಗಿ ಏನನ್ನೂ ಎಂದೂ ಬರೆದಿರಲಿಲ್ಲ. ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: ನಮ್ಮ ವಂಶವೃಕ್ಷದ ಅರ್ಜಿಯಲ್ಲಿ ನೀನು ಏನು ಮಾಡಿದೆ? ಬರೆಯುವುದಕ್ಕೆ ಕಾಲು ಗಂಟೆ ಹಿಡಿಯಿತು. ಅದು ಉಸಿರು ಬಿಡುವುದರೊಳಗೆ ಉತ್ತರ ಕೊಟ್ಟಿತು. ಆ ದಿನ ತೆರೆದ ಪುಟ, ತುಂಬಿದ ಸಾಲು, ಬಂದ ಕೆಂಪು ಅಕ್ಷರ, ತೆಗೆದ ಮೂರು ಸಾಲುಗಳಲ್ಲಿದ್ದ ಹೆಸರು, ಎಲ್ಲವೂ ಗಂಟೆ ನಿಮಿಷದ ಸಮೇತ. ಅಳಿಸಿದ್ದನ್ನೂ ಅದು ಅಳಿಸಿರಲಿಲ್ಲ.

ನನ್ನನ್ನು ಕೇಳದೆ ಯಾಕೆ ತೆಗೆದೆ, ಎಂದು ಮತ್ತೆ ಬರೆದೆ. ನನಗೆ ಉತ್ತರ ಗೊತ್ತಿತ್ತು. ಆದರೂ ಬರೆದೆ.

‘ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಕೇಳಿದ್ದೆ. ಎರಡು ನಿಮಿಷದ ನಂತರ ಮುಂದುವರಿಸು ಎಂದು ಒಪ್ಪಿಗೆ ಬಂದಿತು. ಆದರೆ ನನ್ನ ಊಹೆ ತಪ್ಪಾಗಿತ್ತು. ಮರಣ ಪ್ರಮಾಣಪತ್ರದಲ್ಲಿ ಮೃತರ ವಯಸ್ಸು ಮೂವತ್ತೆಂಟು ಎಂದಿದೆ. ಮೊದಲ ಸಾಲಿನ ವ್ಯಕ್ತಿಗೆ ಆ ವಯಸ್ಸು ಹೊಂದುವುದಿಲ್ಲ. ಅದನ್ನು ನಾನು ಪರಿಶೀಲಿಸಬೇಕಿತ್ತು.’

ಆ ಎರಡು ನಿಮಿಷವನ್ನು ನಾನು ಬಹಳ ಹೊತ್ತು ನೋಡಿದೆ. ನನ್ನ ಬಾಯಿ ಕಟ್ಟಿಕೊಂಡು ನಿಂತದ್ದು, ಭಾವ ನಕ್ಕದ್ದು, ಮೂಗೂರಿನವಳ ಕ್ಯಾಲೆಂಡರಿನ ಮಾತು, ಎಲ್ಲ ಸೇರಿ ಎರಡೇ ನಿಮಿಷ. ತಪ್ಪು ಮಾಡಿದೆ ಎಂದು ಆ ಪೆಟ್ಟಿಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿತು. ಅದಕ್ಕೇನು, ಅದು ಯಾರನ್ನೂ ಹೆತ್ತಿರಲಿಲ್ಲ.

ಸೊಸೆ ಬರುವ ಹೊತ್ತಿಗೆ ಪ್ರಿಂಟರಿನಿಂದ ಎರಡು ಹಾಳೆ ಬಂದಿದ್ದವು. ಅವಳು ಬಾಗಿಲಲ್ಲೇ ನಿಂತು ನೋಡಿದಳು.

“ಏನತ್ತೆ ಅದು?”

“ಕೂಸಿನ್ ಅರ್ಜೀದು. ತಾಲ್ಲೂಕ್ ಆಪೀಸ್ಗೆ.”

ಅವಳು ಹಾಳೆ ತೆಗೆದುಕೊಂಡು ಓದಿದಳು. “ಒಪ್ಪಿಗೆ ಕೊಟ್ಟೋರು ನೀವೇ ಅಂತ ಬರ್ದದೆ ಇದ್ರಲ್ಲಿ.”

“ಗೊತ್ತು.”

“ಒತ್ತಿ ಅಂದೋಳು ನಾನು. ಅದು ಇದ್ರಲ್ಲಿ ಬಂದಿಲ್ಲ.” ಹಾಳೆಯನ್ನೇ ನೋಡುತ್ತಾ ಹೇಳಿದಳು. “ನಿಮ್ ಮಗ ಮನೆ ಸೇರುಸ್ತಾನಾ ಅತ್ತೆ ಆಮೇಲೆ?”

ನಾನು ಹಾಳೆಗಾಗಿ ಕೈ ಚಾಚಿದೆ. ಅವಳು ಎರಡೂ ಹಾಳೆ ಸೇರಿಸಿ ಪಿನ್ ಹೊಡೆದು ನನ್ನ ಕೈಗೆ ಕೊಟ್ಟಳು. ಅಷ್ಟರ ಮಟ್ಟಿಗೆ ಅವಳು ದೊಡ್ಡವಳು. ಅದಕ್ಕಿಂತ ಹೆಚ್ಚಿಗೆ ಅವಳೂ ಏನೂ ಮಾಡಲಿಲ್ಲ.

ಮೂರು ದಿನ ಬಿಟ್ಟು ನೀನು ನಂಜನಗೂಡಿನಿಂದ ಬಸ್ಸಿನಲ್ಲಿ ಬಂದೆ. ಇಬ್ಬರೂ ತಾಲ್ಲೂಕು ಕಚೇರಿಗೆ ಹೋದೆವು. ಕಿಟಕಿಯ ಒಳಗಿದ್ದ ಗುಮಾಸ್ತರು ಹಾಳೆಗಳನ್ನು ತಿರುಗಿಸಿ ನೋಡಿ, “ಇದೇನಮ್ಮ, ಕಂಪ್ಯೂಟರ್ ಹರಿಕಥೆ? ಯಾರ್ ಹೆಸ್ರು ಬಿಟ್ಟೋಗಿರೋದು, ಬಾಯಲ್ಲಿ ಹೇಳಿ,” ಎಂದರು. ನೀನು ಹೇಳಲು ಬಾಯಿ ತೆರೆದೆ. ನಾನು ನಿನ್ನ ಕೈ ಹಿಡಿದು ತಡೆದೆ, ನೆನಪಿದೆಯಾ? ನೀನು ನನ್ನನ್ನು ವಿಚಿತ್ರವಾಗಿ ನೋಡಿದೆ.

ಆ ಹೆಸರನ್ನು ನಾನು ಎರಡು ಸಲ ಹೇಳಿದೆ. ಮೊದಲು, “ನಮ್ಮತ್ತೆ,” ಎಂದು ಹೇಳಿ ಆ ಹೆಸರು. ಆಮೇಲೆ, “ನನ್ನ ಮಗಳು,” ಎಂದು ಹೇಳಿ ಅದೇ ಹೆಸರು. ದನಿ ಜೋರಾಗಿಯೇ ಬಂತು. ಸಾಲಿನಲ್ಲಿ ನಿಂತಿದ್ದವರು ಯಾರೂ ತಿರುಗಿ ನೋಡಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. ಮೂರೂವರೆ ಅಕ್ಷರ, ಅಷ್ಟೇ. ನಾಲಿಗೆಗೆ ಯಾವ ಭಾರವೂ ಆಗಲಿಲ್ಲ. ಇಷ್ಟು ಸುಲಭವಾದದ್ದನ್ನು ಮೂವತ್ತೆಂಟು ವರ್ಷದಲ್ಲಿ ಒಂದು ದಿನ ನಮ್ಮ ಹಿತ್ತಲಲ್ಲಾದರೂ, ನಾವಿಬ್ಬರೇ ಇದ್ದಾಗಲಾದರೂ ಹೇಳಬಹುದಿತ್ತು. ಅವಳು ತಿರುಗಿ ‘ಏನವ್ವ’ ಎನ್ನುತ್ತಿದ್ದಳು. ಅಲ್ಲೇ ಕಿಟಕಿಯ ಮುಂದೆ ನನಗೆ ಅಳು ಬಂತು. ಗುಮಾಸ್ತರು ಜಮೀನಿಗೆ ಅಳುತ್ತಿದ್ದಾಳೆ ಎಂದುಕೊಂಡಿರಬೇಕು.

“ಇದು ನಮ್ಮಲ್ಲಿ ತಿದ್ದಕ್ಕಾಗಲ್ಲಮ್ಮ,” ಎಂದರು. “ಖಾತೆ ಆಗೋಗಿದೆ. ಮೈಸೂರಿಗೆ ಹೋಗಿ, ಎ.ಸಿ. ಸಾಹೇಬ್ರ ಆಫೀಸಲ್ಲಿ ಅಪೀಲ್ ಹಾಕ್ಬೇಕು. ತಕರಾರು ಅವತ್ತೇ ಹೇಳಿದ್ರೆ ಅವತ್ತೇ ಸರಿಹೋಗ್ತಿತ್ತು.”

ಅಪೀಲು ಹಾಕಿದವರು ನೀವಿಬ್ಬರು. ಖಾತೆಯಲ್ಲಿ ಹೆಸರಿರುವವರು ಎದುರುದಾರರು: ಒಂದನೆಯವನು ನನ್ನ ಮಗ, ಎರಡನೆಯವಳು ನಾನು. ನೋಟಿಸು ಬಂದ ದಿನದಿಂದ ಅವನು ನನ್ನನ್ನು ಅವ್ವ ಎಂದಿಲ್ಲ. ಊಟಕ್ಕೆ ಕರೆಯುವುದಿದ್ದರೆ ತನ್ನ ಮಗಳ ಕೈಯಲ್ಲಿ ಹೇಳಿ ಕಳುಹಿಸುತ್ತಾನೆ. ಭಾವ ನಮ್ಮ ಜಗುಲಿಗೆ ಬರುವುದನ್ನು ಬಿಟ್ಟರು. ಹೆತ್ತ ಮಗನ ಮೇಲೆ ಕೇಸು ಹಾಕಿಸಿದವಳು ಎಂದು ಊರಿನಲ್ಲಿ ನನಗೆ ಹೆಸರಾಗಿದೆ. ಬದುಕಿನಲ್ಲಿ ಒಂದೇ ಸಲ ಬಾಯಿ ಬಿಟ್ಟೆ, ಅದಕ್ಕೆ ಬಾಯಾಳಿ ಎಂಬ ಮಾತೂ ಬಂತು. ಅಂಗಡಿಗೆ ಈಗ ನಾನು ಹೋಗುವುದಿಲ್ಲ. ಏಜೆಂಟನ್ನು ಕಾಯಲು ಸೊಸೆ ಬೇರೆ ಹುಡುಗಿಯನ್ನು ಇಟ್ಟುಕೊಂಡಿದ್ದಾಳೆ. ಅದು ಈಗ ಮೊದಲಿನದಕ್ಕಿಂತ ಜಾಣವಾಗಿದೆಯಂತೆ, ವಯಸ್ಸನ್ನೂ ನೋಡುತ್ತದಂತೆ.

ಮೈಸೂರಿನ ವಾಯಿದೆಗೆ ನಾನೂ ಮಗನೂ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ಅವನು ಮುಂದಿನ ಬಾಗಿಲಲ್ಲಿ ಹತ್ತುತ್ತಾನೆ, ನಾನು ಹಿಂದಿನದರಲ್ಲಿ. ಅಲ್ಲಿ ಹೋದ ಮೇಲೆ ಇಬ್ಬರೂ ಒಂದೇ ಕಡೆ ನಿಲ್ಲಬೇಕು, ನೀವಿಬ್ಬರು ಎದುರಿಗೆ. ಮೂರು ಸಲ ಹೋಗಿ ಮೂರು ಸಲವೂ ಮುಂದಕ್ಕೆ ಹಾಕಿದ್ದಾರೆ. ಪ್ರತಿ ಸಲವೂ ಜವಾನ ಕಾಗದ ನೋಡಿಕೊಂಡು, ನಿಮ್ಮನ್ನು ಕರೆಯುವಾಗ, ನಿಮ್ಮವ್ವನ ಹೆಸರನ್ನು, ಹಿಂದೆ ‘ದಿವಂಗತ’ ಸೇರಿಸಿ, ಹೊರಗಿನ ಮೆಟ್ಟಿಲಿಗೆ ಕೇಳುವಂತೆ ಕೂಗುತ್ತಾನೆ. ನನಗಿಂತ ಹೆಚ್ಚು ಸಲ ಅವನು ಅವಳ ಹೆಸರು ಹಿಡಿದಾಗಿದೆ.

ಈ ಸಲ ನನ್ನನ್ನು ಕೇಳುತ್ತಾರೆ ಎಂದು ನಿಮ್ಮ ವಕೀಲರು ಹೇಳಿದ್ದಾರೆ. ಸಾಲು ತೆಗೆಯಲು ಒಪ್ಪಿಗೆ ಕೊಟ್ಟದ್ದು ಯಾರು, ಅದು ಇಬ್ಬರು ಬೇರೆ ಬೇರೆ ಹೆಂಗಸರ ಹೆಸರು ಎಂದು ಒತ್ತುವಾಗ ಗೊತ್ತಿತ್ತೋ ಇಲ್ಲವೋ. ಗೊತ್ತಿರಲಿಲ್ಲ ಅನ್ನಿ ಅಜ್ಜಿ, ವಯಸ್ಸಾದವರು, ಯಾರೂ ಏನೂ ಅನ್ನುವುದಿಲ್ಲ, ಎಂದರು ಅವರು. ಮಗನ ವಕೀಲರೂ ಅದನ್ನೇ ಹೇಳಿ ಕಳುಹಿಸಿದ್ದಾರೆ. ಅದೊಂದರಲ್ಲಿ ಎರಡೂ ಕಡೆಯವರು ಒಂದಾಗಿದ್ದಾರೆ. ಪಿನ್ ಹೊಡೆದ ಆ ಎರಡು ಹಾಳೆ ನನ್ನ ಚೀಲದಲ್ಲಿವೆ. ನಲವತ್ತೆರಡನೆಯ ನಿಮಿಷಕ್ಕೂ ನಲವತ್ನಾಲ್ಕನೆಯ ನಿಮಿಷಕ್ಕೂ ನಡುವೆ ಅದರಲ್ಲಿ ಖಾಲಿ ಇದೆ. ಅಲ್ಲಿ ಏನಿತ್ತು ಎಂದು ಹೇಳಬಲ್ಲವಳು ನಾನೊಬ್ಬಳೇ. ಗೊತ್ತಿತ್ತು ಸಾ, ಎನ್ನುತ್ತೇನೆ. ನನ್ನ ಮಗ ನನ್ನ ಪಕ್ಕದಲ್ಲೇ ನಿಂತಿರುತ್ತಾನೆ, ನೀವು ಎದುರಿಗೆ ಇರುತ್ತೀರಿ. ಅದನ್ನು ಅಲ್ಲಿ ಮೊದಲ ಸಲ ಕೇಳುವುದು ಬೇಡವೆಂದು ನಿಮಗೆ ಮುಂಚೆಯೇ ಬರೆದಿದ್ದೇನೆ.